ಮಂಗಳವಾರ ಬೆಂಗಳೂರಿಂದ ವಿಮಾನ, ಉಡುಪಿಯಿಂದ ಹೋಗಲು ಗಾಡಿ ಇಲ್ಲ. ಕಡಿಮೆ ಖರ್ಚಲ್ಲಿ ದಾರಿ ಉಂಟಾ?

ಬಾರಕೂರು ಹುಡುಗಿ · ಶನಿವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ. ನನ್ನ ತಮ್ಮ ಓದಲು ಜರ್ಮನಿಗೆ ಹೊರಟಿದ್ದಾನೆ. ಮಂಗಳವಾರ 2:45ಕ್ಕೆ ದೇವನಹಳ್ಳಿಯಿಂದ ವಿಮಾನ. ಮಾವನ ಕಾರಿನಲ್ಲಿ ಹೋಗುವುದು ಅಂತ ತಿಂಗಳ ಹಿಂದೆಯೇ ಮಾತಾಗಿತ್ತು. ಇವತ್ತು ಮಧ್ಯಾಹ್ನದಿಂದ ಮಾವನಿಗೆ ಜೋರು ಜ್ವರ, ಎದ್ದು ಕೂರಲೂ ಆಗುತ್ತಿಲ್ಲ.

ಬಸ್ ನೋಡಿದರೆ ಚೌತಿ ರಜೆ ಮುಗಿಸಿ ವಾಪಸ್ ಹೋಗುವವರ ರಶ್. ನಾಳೆ ರಾತ್ರಿಗೂ ಸೋಮವಾರ ರಾತ್ರಿಗೂ ಸ್ಲೀಪರ್ ಒಂದೂ ಇಲ್ಲ. ಉಳಿದ ಒಂದೆರಡು ಸೀಟಿಗೆ ಮಾಮೂಲಿ ದರದ ಎರಡು ಪಟ್ಟಿಗಿಂತ ಜಾಸ್ತಿ ಕೇಳುತ್ತಿದ್ದಾರೆ. ಟ್ಯಾಕ್ಸಿಗೆ ಫೋನ್ ಮಾಡಿದೆ, ಏರ್‌ಪೋರ್ಟ್ ಡ್ರಾಪ್‌ಗೆ 13,500 ಹೇಳಿದರು. ಫೀಸು, ವೀಸಾ, ಅಲ್ಲಿಯ ಖರ್ಚಿಗೆ ಮೊದಲೇ ಇಡಬೇಕಾದ ಬ್ಲಾಕ್ಡ್ ಅಕೌಂಟು ಅಂತ ಎಲ್ಲಾ ಕಟ್ಟಿ ಮನೆಯಲ್ಲಿ ಈಗ ಕೈ ಖಾಲಿ.

ಸೋಮವಾರ ರಾತ್ರಿಯ ಪಂಚಗಂಗಾ ರೈಲಿಗೆ ನಾಳೆ ತತ್ಕಾಲ್ ಮಾಡೋಣ, ಮಂಗಳವಾರ ಬೆಳಿಗ್ಗೆ ಬೆಂಗಳೂರು ತಲುಪಿದರೆ ಮಧ್ಯಾಹ್ನದ ವಿಮಾನಕ್ಕೆ ಬೇಕಾದಷ್ಟು ಸಮಯ ಉಂಟು ಅಂತ ಅಪ್ಪ ಹೇಳುತ್ತಿದ್ದಾರೆ. ತತ್ಕಾಲ್ ಸಿಗದಿದ್ದರೆ ಏನು ಮಾಡುವುದು? ಜೊತೆಗೆ ಅಮ್ಮ ಮತ್ತು ನಾನು ಹೋಗುತ್ತೇವೆ. 23 ಕಿಲೋದ ಎರಡು ಸೂಟ್‌ಕೇಸ್, ಒಂದು ಬೆನ್ನಿಗೆ ಹಾಕುವ ಬ್ಯಾಗು ಉಂಟು.

ಇಂದ್ರಾಳಿ ಭಟ್ · ರಾತ್ರಿ 8:52

ಗಾಬರಿ ಬೇಡ ತಂಗಿ. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ. ಎಸಿಗೆ ಬೆಳಿಗ್ಗೆ 10 ಗಂಟೆ, ಸ್ಲೀಪರಿಗೆ 11. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಅದನ್ನು ಇವತ್ತೇ ನೋಡಿಕೊಳ್ಳಿ. ಮೂರು ಜನರ ಹೆಸರು, ವಯಸ್ಸು ಮೊದಲೇ ತುಂಬಿಸಿ ಇಡಿ. ಅಲ್ಲಿ ಒಂದೊಂದು ಸೆಕೆಂಡೂ ಲೆಕ್ಕ. ಇನ್ನೊಂದು ವಿಷಯ, ತತ್ಕಾಲ್ ವೇಟಿಂಗ್ ಲಿಸ್ಟ್ ಸಿಕ್ಕಿದರೆ ಅದನ್ನು ನಂಬಿ ಕೂರಬೇಡಿ. ಕನ್ಫರ್ಮ್ ಆಗದಿದ್ದರೆ ಟಿಕೆಟ್ ತನ್ನಿಂದ ತಾನೇ ರದ್ದಾಗುತ್ತದೆ, ರೈಲು ಹತ್ತುವ ಹಾಗಿಲ್ಲ.

ಮಲ್ಪೆ ಗಾಳಿ · ರಾತ್ರಿ 9:03

ಒಂದು ನಿಮಿಷ. ರೈಲಿನ ಮಾತು ಆಮೇಲೆ. ತಮ್ಮನ ಟಿಕೆಟ್ ತೆಗೆದು ನೋಡಿ. ಅದರಲ್ಲಿ 02:45 ಅಂತ ಉಂಟಾ, 14:45 ಅಂತ ಉಂಟಾ?

ಬಾರಕೂರು ಹುಡುಗಿ · ರಾತ್ರಿ 9:11

02:45 ಅಂತ ಉಂಟು.

ಮಲ್ಪೆ ಗಾಳಿ · ರಾತ್ರಿ 9:14

ಹಾಗಾದರೆ ಅದು ಮಧ್ಯಾಹ್ನ ಅಲ್ಲ. ಬೆಳಗಿನ ಜಾವ 2:45. ಅಂದರೆ ಸೋಮವಾರ ರಾತ್ರಿ ಊಟ ಮುಗಿಸಿ, ದಿನ ಬದಲಾಗಿ ಎರಡೂಮುಕ್ಕಾಲು ಗಂಟೆಗೆ. ವಿಮಾನದ ಟಿಕೆಟಿನಲ್ಲಿ 24 ಗಂಟೆಯ ಲೆಕ್ಕ. ಮಧ್ಯಾಹ್ನ ಆಗಿದ್ದರೆ 14:45 ಅಂತ ಇರುತ್ತಿತ್ತು. ಬೆಂಗಳೂರಿಂದ ಯುರೋಪಿಗೆ ಹೋಗುವ ವಿಮಾನಗಳು ಹೆಚ್ಚಾಗಿ ಆ ಹೊತ್ತಿಗೇ ಹೊರಡುವುದು.

ನೀವು ಸೋಮವಾರ ರಾತ್ರಿ ರೈಲು ಹತ್ತಿದರೆ, ನೀವು ಘಾಟಿ ಇಳಿಯುವ ಮೊದಲೇ, ಸಾರಿ, ಹತ್ತುವ ಹೊತ್ತಿಗೇ ವಿಮಾನ ಹೊರಟಿರುತ್ತದೆ. ದಯವಿಟ್ಟು ಆ ತತ್ಕಾಲ್ ಮಾಡಬೇಡಿ. ಸೋಮವಾರ ರಾತ್ರಿ 11 ಗಂಟೆಗೆ ತಮ್ಮ ಏರ್‌ಪೋರ್ಟಿನ ಬಾಗಿಲಲ್ಲಿ ಇರಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಬಾರಕೂರು ಹುಡುಗಿ · ರಾತ್ರಿ 9:31

ಕೈಕಾಲು ತಣ್ಣಗಾಯಿತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿ ಮೂರು ಸಲ ಓದಿದರು, ಏನೂ ಮಾತಾಡಲಿಲ್ಲ. ತಮ್ಮ ಟಿಕೆಟ್ ಮಾಡಿದ ಏಜೆಂಟರಿಗೆ ಫೋನ್ ಮಾಡಿ ಕೇಳಿದ. ಬೆಳಗಿನ ಜಾವವೇ ಅಂತೆ. ಮಾವನ ಜೊತೆ ಹೋಗುವುದಾಗಿದ್ದರೂ ನಾವು ಮಂಗಳವಾರ ಬೆಳಿಗ್ಗೆಯೇ ತಲುಪುತ್ತಿದ್ದೆವು. ಮಲ್ಪೆ ಗಾಳಿ ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಹಾಗಾದರೆ ನಾಳೆ ರಾತ್ರಿ ಅಥವಾ ಸೋಮವಾರ ಹಗಲು. ಎರಡೇ ದಾರಿ ಅಲ್ವಾ?

ಇಂದ್ರಾಳಿ ಭಟ್ · ರಾತ್ರಿ 9:38

ನನಗೂ ಹೊಳೆಯಲಿಲ್ಲ, ಕ್ಷಮಿಸಿ. ನಾಳೆ ರಾತ್ರಿಯ ರೈಲಿನ ತತ್ಕಾಲ್ ಇವತ್ತು ಬೆಳಿಗ್ಗೆಯೇ ಮುಗಿದಿದೆ. ಚಾರ್ಟ್ ಆದ ಮೇಲೆ ಸೀಟು ಉಳಿದಿದ್ದರೆ ಕರೆಂಟ್ ಬುಕಿಂಗಿನಲ್ಲಿ ಸಿಗುತ್ತದೆ, ಅದಕ್ಕೆ ತತ್ಕಾಲ್ ಶುಲ್ಕವೂ ಇಲ್ಲ. ಆದರೆ ಚೌತಿ ವಾರದ ಭಾನುವಾರ ಮೂರು ಸೀಟು ಉಳಿಯುವುದು ಕಷ್ಟ.

ಕಿನ್ನಿಮೂಲ್ಕಿ ಪ್ರಯಾಣಿಕ · ರಾತ್ರಿ 9:45

ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ಬೆಂಗಳೂರಿಗೆ ವಿಮಾನದಲ್ಲೇ ಹೋಗಬಹುದಲ್ಲ? ಒಂದು ಗಂಟೆ ದಾರಿ. ತಮ್ಮನಿಗೆ ಒಬ್ಬನಿಗೆ ಮಾತ್ರ ಟಿಕೆಟ್ ತೆಗೆದರೆ ಟ್ಯಾಕ್ಸಿಗಿಂತ ಕಡಿಮೆ.

ಮಲ್ಪೆ ಗಾಳಿ · ರಾತ್ರಿ 9:56

ನೋಡಬಹುದು, ಆದರೆ ಎರಡು ತೊಂದರೆ ಉಂಟು. ಒಂದು, ಲಗೇಜು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಫ್ರೀ. ಜರ್ಮನಿಯ ಟಿಕೆಟಿನಲ್ಲಿ 46 ಕಿಲೋ ಇದ್ದರೂ, ಈ ಟಿಕೆಟ್ ಬೇರೆ ಆದ್ದರಿಂದ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉಳಿದ 31 ಕಿಲೋಗೆ ಕಿಲೋ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಅದೇ ಟಿಕೆಟಿಗಿಂತ ಜಾಸ್ತಿ ಆದೀತು. ಎರಡು, ಮಳೆ, ಮೋಡ ಅಂತ ಬಜ್ಪೆಯ ವಿಮಾನ ತಡವಾದರೆ ಜರ್ಮನಿಯ ವಿಮಾನದವರು ಕಾಯುವುದಿಲ್ಲ. ಎರಡೂ ಒಂದೇ ಟಿಕೆಟಿನಲ್ಲಿ ಇದ್ದರೆ ಮಾತ್ರ ಅದು ಅವರ ಜವಾಬ್ದಾರಿ.

ಹೆಜಮಾಡಿ ಸ್ಟೇರಿಂಗ್ · ರಾತ್ರಿ 10:10

ನಾನು ಹನ್ನೊಂದು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. 13,500 ಅಂದ ಕೂಡಲೇ ಲೂಟಿ ಅಂತ ಅನಿಸುತ್ತದೆ, ಆದ್ದರಿಂದ ಲೆಕ್ಕ ಹೇಳುತ್ತೇನೆ. ಉಡುಪಿಯಿಂದ ದೇವನಹಳ್ಳಿ ಸುಮಾರು 420 ಕಿ.ಮೀ. ಡ್ರಾಪ್ ಮಾಡಿ ಖಾಲಿ ಬರಬೇಕು. ಹೋಗಿ ಬಂದು 840 ಆಯಿತು. ಕಿ.ಮೀ.ಗೆ 13 ರೂಪಾಯಿ ಹಿಡಿದರೂ ಹನ್ನೊಂದು ಸಾವಿರದ ಹತ್ತಿರ. ಅದರ ಮೇಲೆ ಎರಡೂ ಕಡೆ ಟೋಲ್, ಡ್ರೈವರ್ ಬತ್ತೆ. ಅವರು ಹೇಳಿದ್ದು ತಪ್ಪು ರೇಟಲ್ಲ.

ಕಡಿಮೆ ಆಗುವುದು ರಿಟರ್ನ್ ಗಾಡಿಯಲ್ಲಿ ಮಾತ್ರ. ಬೆಂಗಳೂರಿನ ಟ್ಯಾಕ್ಸಿಗಳು ಕೃಷ್ಣ ಮಠಕ್ಕೆ, ಕೊಲ್ಲೂರಿಗೆ ಜನ ತರುತ್ತವೆ. ಕೆಲವರು ಒಂದೇ ಕಡೆಯ ಬಾಡಿಗೆಗೆ ಬಂದಿರುತ್ತಾರೆ. ಅವರಿಗೆ ಖಾಲಿ ಹೋಗುವುದಕ್ಕಿಂತ ಅರ್ಧಕ್ಕೆ ಜನ ಸಿಕ್ಕಿದರೂ ಲಾಭ. ನಾಳೆ ಮಧ್ಯಾಹ್ನ ಮಠದ ರಾಜಾಂಗಣದ ಪಾರ್ಕಿಂಗಿಗೆ ಹೋಗಿ, ಕೆಎ 01ರಿಂದ 05ರವರೆಗಿನ ಹಳದಿ ಬೋರ್ಡ್ ಗಾಡಿ ಹುಡುಕಿ, ಡ್ರೈವರಣ್ಣಂದಿರ ಹತ್ತಿರ ನೇರ ಕೇಳಿ. ಸಿಗುತ್ತದೆ ಅಂತ ಭಾಷೆ ಕೊಡುವುದಿಲ್ಲ. ಆದರೆ ನಾನೇ ದೇವನಹಳ್ಳಿಯಿಂದ ವಾಪಸ್ ಬರುವಾಗ ಹೀಗೆ ಎಷ್ಟೋ ಜನರನ್ನು ತಂದಿದ್ದೇನೆ.

ಒಂದು ಮಾತು ಮರೆಯಬೇಡಿ. ಅವನು ಕಳೆದ ರಾತ್ರಿ ಮಲಗಿದ್ದಾನಾ ಅಂತ ಕೇಳಿ. ರಾತ್ರಿಯಿಡೀ ಓಡಿಸಿ ಬಂದವನ ಗಾಡಿಯಲ್ಲಿ ಮತ್ತೆ ಘಾಟಿ ಹತ್ತಬೇಡಿ, ಎಷ್ಟು ಕಡಿಮೆ ಹೇಳಿದರೂ.

ಕಟಪಾಡಿ ಮನೆ · ರಾತ್ರಿ 10:24

ಹಳದಿ ಬೋರ್ಡ್ ಅಂದರಲ್ಲ, ಅದನ್ನು ನಾನು ಒತ್ತಿ ಹೇಳುತ್ತೇನೆ. ಮೂರು ವರ್ಷದ ಹಿಂದೆ ನಾನು ಮಸ್ಕತ್‌ಗೆ ಬೆಂಗಳೂರಿಂದ ಹೋಗುವುದಿತ್ತು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರು ಸೀಟಿಗೆ 1,800 ಅಂದರು. ಬಂದದ್ದು ಬಿಳಿ ಬೋರ್ಡಿನ ಕಾರು. ಚನ್ನರಾಯಪಟ್ಟಣ ದಾಟುವಾಗ ಸಾರಿಗೆ ಇಲಾಖೆಯವರು ಕೈ ಅಡ್ಡ ಹಾಕಿದರು. ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸುವ ಹಾಗಿಲ್ಲ ಅಂತ ಕಾರು ಅಲ್ಲೇ ನಿಂತಿತು. ನಾಲ್ಕು ಜನ ಅಪರಿಚಿತರು, ರಸ್ತೆ ಬದಿಯಲ್ಲಿ, ಬ್ಯಾಗುಗಳ ಮೇಲೆ ಕೂತು. ಕೊನೆಗೆ ಒಂದು ಕೆಂಪು ಬಸ್ಸಿಗೆ ಕೈ ತೋರಿಸಿ ಹತ್ತಿದೆ. ಕೌಂಟರ್ ಮುಚ್ಚಲು ಇಪ್ಪತ್ತು ನಿಮಿಷ ಇರುವಾಗ ತಲುಪಿದೆ. ಅಪಘಾತ ಆದರೆ ಅಂಥ ಗಾಡಿಯಲ್ಲಿ ಕೂತವರಿಗೆ ವಿಮೆಯ ಹಣವೂ ಕಷ್ಟ. ದಯವಿಟ್ಟು ಬೇಡ.

ಹಾಸನದ ಸೊಸೆ · ರಾತ್ರಿ 10:41

ಎಲ್ಲರೂ ಕೊನೆಗೆ ಆ ಕೆಂಪು ಬಸ್ಸಿಗೇ ಬರುತ್ತೀರಿ, ಅಲ್ವಾ? ಮೊದಲೇ ಅದರಲ್ಲಿ ಹೋಗಬಹುದು ತಂಗಿ. ನನ್ನ ತವರು ಹಾಸನ, ಗಂಡನ ಮನೆ ಬ್ರಹ್ಮಾವರ. ಮದುವೆಯಾದ ಮೇಲೆ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಲ್ಲ. ರಿಸರ್ವೇಶನ್ ತುಂಬಿದೆ ಅಂದರೆ ಬಸ್ಸೇ ಇಲ್ಲ ಅಂತ ಅಲ್ಲ. ಬೆಂಗಳೂರಿನವರೆಗೆ ಒಂದೇ ಬಸ್ ಹುಡುಕುವುದರಿಂದ ನಿಮಗೆ ಸಿಗುತ್ತಿಲ್ಲ. ದಾರಿಯನ್ನು ತುಂಡು ಮಾಡಿ.

ಸೋಮವಾರ ಬೆಳಿಗ್ಗೆ ಐದಕ್ಕೆ ಬ್ರಹ್ಮಾವರ ಬಿಡಿ. ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನವರೆಗೆ ಹೋಗಬೇಡಿ, ಲಾಲ್‌ಬಾಗಿನಲ್ಲಿ ಇಳಿದು ರಿಕ್ಷಾ ಮಾಡಿ, ಬಿಜೈ ಕೆಎಸ್‌ಆರ್‌ಟಿಸಿ ಹತ್ತಿರ ಆಗುತ್ತದೆ. ಅಲ್ಲಿ ಹಾಸನಕ್ಕೋ ಬೆಂಗಳೂರಿಗೋ ಹೋಗುವ ಕರ್ನಾಟಕ ಸಾರಿಗೆ ಬಸ್ ಹತ್ತಿ. ಹಾಸನಕ್ಕೆ ಐದು ಗಂಟೆ ಹಿಡಿಯಿರಿ. ಹಾಸನದಿಂದ ಬೆಂಗಳೂರಿಗೆ ಬಸ್ಸಿಗೆ ಬರಗಾಲ ಇಲ್ಲ, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಅಲ್ಲಿಂದ ನಾಲ್ಕು ಗಂಟೆ.

ಮುಖ್ಯ ವಿಷಯ, ಈ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆ ಉಂಟು. 2023ರ ಜೂನ್ 11ರಿಂದ ನಡೆಯುತ್ತಿದೆ. ನಿಮಗೂ ಅಮ್ಮನಿಗೂ ಟಿಕೆಟ್ ಹಣ ಇಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ರಾಜಹಂಸ, ಐರಾವತ, ಸ್ಲೀಪರಿಗೆ ಅದು ಇಲ್ಲ. ತಮ್ಮನಿಗೆ ಮಾತ್ರ ಟಿಕೆಟ್. ಲಗೇಜು ಕೂಡ ಒಬ್ಬರಿಗೆ 30 ಕಿಲೋವರೆಗೆ ಫ್ರೀ. ನೀವು ಮೂರು ಜನ. ಕಂಡಕ್ಟರ್ ಏನಾದರೂ ಕೇಳಿದರೆ ಮೂವರ ಲಗೇಜು ಅಂತ ಹೇಳಿ.

ಯಲಹಂಕದಲ್ಲಿರುವ ಕುಂದಾಪ್ರದವ · ರಾತ್ರಿ 11:02

ಅಕ್ಕ ಹೇಳಿದ್ದು ಸರಿ ಉಂಟು. ಬೆಂಗಳೂರಿನ ಭಾಗ ನಾನು ಹೇಳುತ್ತೇನೆ, ಅಲ್ಲೇ ಜನ ಸಮಯ ಕಳೆದುಕೊಳ್ಳುವುದು. ಮೆಜೆಸ್ಟಿಕ್‌ವರೆಗೆ ಹೋಗಬೇಡಿ. ಸಂಜೆ ಹೊತ್ತು ಒಳಗೆ ಹೋಗಿ ಹೊರಗೆ ಬರಲು ಎರಡು ಗಂಟೆ ಸುಮ್ನೆ ಹೋಗುತ್ತದೆ. ನೆಲಮಂಗಲ ಆದ ಮೇಲೆ ಪೀಣ್ಯ ದಾಟಿ ಗೊರಗುಂಟೆಪಾಳ್ಯ ಬರುತ್ತದೆ. ಅಲ್ಲಿ ಇಳಿಯಿರಿ. ಅಲ್ಲಿಂದ ರಿಂಗ್ ರೋಡಿನಲ್ಲಿ ಬಿಇಎಲ್ ಸರ್ಕಲ್ ಮೇಲೆ ಹೆಬ್ಬಾಳಕ್ಕೆ ಬಿಎಂಟಿಸಿ ಬಸ್ ಉಂಟು. ಲಗೇಜು ಇರುವುದರಿಂದ ಆಟೋ ಮಾಡಿದರೂ ತಪ್ಪಿಲ್ಲ. ಹೆಬ್ಬಾಳದ ಎಸ್ಟೀಮ್ ಮಾಲ್ ಹತ್ತಿರ ನಿಂತರೆ ಪೇಟೆಯ ಬೇರೆ ಬೇರೆ ಕಡೆಯಿಂದ ಏರ್‌ಪೋರ್ಟಿಗೆ ಹೋಗುವ ವಾಯು ವಜ್ರ ಬಸ್ಸುಗಳು ಸಿಗುತ್ತವೆ. ಹಣೆಯ ಮೇಲೆ ಕೆಐಎ ಅಂತ ಇರುತ್ತದೆ, ಯಾವ ನಂಬರಾದರೂ ಆದೀತು. ಒಳಗೆ ಸೂಟ್‌ಕೇಸ್ ಇಡಲು ಕಂಬಿಯ ಸ್ಟ್ಯಾಂಡ್ ಉಂಟು. ಅದಕ್ಕೆ ಶಕ್ತಿ ಇಲ್ಲ, ಮೂವರಿಗೂ ಟಿಕೆಟ್ ಬೇಕು.

ಹೊರದೇಶದ ವಿಮಾನಗಳು ಈಗ ಟರ್ಮಿನಲ್ 2ರಿಂದ. ಕಂಡಕ್ಟರಿಗೆ ಮೊದಲೇ ಹೇಳಿ. ದಾರಿ ತಪ್ಪಿ ಅಕಸ್ಮಾತ್ ಮೆಜೆಸ್ಟಿಕ್‌ಗೇ ಹೋದರೆ ಅಲ್ಲಿಂದ ಕೆಐಎ 9.

ಕಿನ್ನಿಮೂಲ್ಕಿ ಪ್ರಯಾಣಿಕ · ರಾತ್ರಿ 11:15

ಸೋಮವಾರ ಯಾಕೆ, ನಾಳೆಯೇ ಹಗಲು ಹೋಗಿ ಒಂದು ರಾತ್ರಿ ಅಲ್ಲಿ ಉಳಿಯಬಹುದಲ್ಲ? ಮಳೆಗಾಲದಲ್ಲಿ ದಾರಿಯ ಶಿರಾಡಿ ಘಾಟಿಯನ್ನು ನಂಬುವುದು ಹೇಗೆ? 2024ರ ಜುಲೈಯಲ್ಲಿ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದು ಗಾಡಿಗಳು ಎಷ್ಟು ಹೊತ್ತು ಸಿಕ್ಕಿಬಿದ್ದವು ನೆನಪು ಉಂಟಲ್ಲ. ಅದೇ ತಿಂಗಳು ಎಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿದು ಎಷ್ಟೋ ದಿನ ರೈಲು ಇರಲಿಲ್ಲ.

ಹಾಸನದ ಸೊಸೆ · ರಾತ್ರಿ 11:27

ಭಯ ನ್ಯಾಯವೇ. ಆದರೆ ಭಾನುವಾರ ಸಂಜೆ ನೆಲಮಂಗಲದಲ್ಲಿ ರಜೆ ಮುಗಿಸಿ ಬರುವವರ ಸಾಲು ಇರುತ್ತದೆ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಮೂರು ಜನಕ್ಕೆ ರೂಮಿನ ಖರ್ಚು ಬೇರೆ. ಬೆಂಗಳೂರಿನಲ್ಲಿ ನೆಂಟರು ಇದ್ದರೆ ನಾಳೆ ಹೋಗಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆಯೇ ಸಾಕು, ಸಂಜೆ ಆರಕ್ಕೆ ಗೊರಗುಂಟೆಪಾಳ್ಯ ಅಂತ ಇಟ್ಟರೂ ಕೈಯಲ್ಲಿ ಐದು ಗಂಟೆ ಉಂಟು.

ಘಾಟಿ ಬಂದ್ ಆದರೆ ಮಾತ್ರ ಮೈಸೂರಿನ ದಾರಿ ಹಿಡಿಯಿರಿ. ಬಿಜೈಯಿಂದಲೇ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ಮೇಲೆ ಮೈಸೂರಿಗೆ ಬಸ್ ಉಂಟು, ಏಳು ಗಂಟೆ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ಸೀದಾ ಏರ್‌ಪೋರ್ಟಿಗೆ ಹೋಗುತ್ತದೆ. ಸೋಮವಾರ ಬಿಜೈಯಲ್ಲಿ ಬಸ್ ಹತ್ತುವ ಮೊದಲು ವಿಚಾರಣೆ ಕೌಂಟರಿನಲ್ಲಿ ಶಿರಾಡಿ ತೆರೆದಿದೆಯಾ ಅಂತ ಒಂದು ಮಾತು ಕೇಳಿ. ಅದು ಕೇಳದೆ ಹತ್ತಬೇಡಿ.

ಬೈಂದೂರು ಕಡಲು · ಭಾನುವಾರ, ಬೆಳಿಗ್ಗೆ 7:20

ಇದರಲ್ಲೇ ನನ್ನದೂ ಒಂದು ಕೇಳಲಾ? ಶುಕ್ರವಾರ ಅಬುಧಾಬಿಗೆ ಹೋಗಬೇಕು. ಬಜ್ಪೆಯಿಂದ ಟಿಕೆಟ್ ತುಂಬಾ ಜಾಸ್ತಿ ಉಂಟು. ಕಣ್ಣೂರಿನಿಂದ ಏಳು ಸಾವಿರ ಕಡಿಮೆ. ಮಧ್ಯಾಹ್ನ ನಂತರದ ವಿಮಾನ. ಅಲ್ಲಿಗೆ ಹೋಗುವುದು ಕಷ್ಟವಾ?

ಉಳ್ಳಾಲ ಬಂದರು · ಬೆಳಿಗ್ಗೆ 7:48

ಕಷ್ಟ ಇಲ್ಲ ಮಾರಾಯ್ರೆ. ಕಣ್ಣೂರು ಏರ್‌ಪೋರ್ಟ್ 2018ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ನಮ್ಮ ಕಡೆಯವರು ತುಂಬಾ ಜನ ಹೋಗುತ್ತಾರೆ. ಬೆಳಿಗ್ಗೆ ಮಂಗಳೂರು ಸೆಂಟ್ರಲ್‌ನಿಂದ ಕೇರಳದ ಕಡೆಗೆ ಸಾಲು ಸಾಲು ರೈಲು ಉಂಟು. ರಿಸರ್ವೇಶನ್ ಇಲ್ಲದೆ ಜನರಲ್ ಟಿಕೆಟಿನಲ್ಲೇ ಎರಡು, ಎರಡೂವರೆ ಗಂಟೆಯಲ್ಲಿ ಕಣ್ಣೂರು. ಸೆಂಟ್ರಲ್‌ನಿಂದಲೇ ಹೊರಡುವ ರೈಲು ಆದರೆ ಅರ್ಧ ಗಂಟೆ ಮೊದಲು ಹೋದರೆ ಸೀಟೂ ಸಿಗುತ್ತದೆ. ಆದರೆ ಏರ್‌ಪೋರ್ಟ್ ಇರುವುದು ಕಣ್ಣೂರು ಪೇಟೆಯಲ್ಲಿ ಅಲ್ಲ, ಮಟ್ಟನ್ನೂರಿನಲ್ಲಿ. ಸ್ಟೇಷನ್ನಿಂದ ಇನ್ನೂ 25 ಕಿ.ಮೀ. ಮಟ್ಟನ್ನೂರಿನವರೆಗೆ ಬಸ್, ಅಲ್ಲಿಂದ ಆಟೋ.

ನೀವು ಬೈಂದೂರಿನವರು, ಕೊಂಕಣ ರೈಲಿನಲ್ಲಿ ಮಂಗಳೂರಿಗೆ ಬರುವುದಾದರೆ ಮಳೆಗಾಲದ ವೇಳಾಪಟ್ಟಿ ನೋಡಿ. ಈಗ ರೈಲುಗಳ ವೇಗ ಕಡಿಮೆ, ಟೈಮೂ ಬೇರೆ. ಗುರುವಾರ ರಾತ್ರಿಯೇ ಮಂಗಳೂರಿಗೆ ಬಂದು ಯಾರದಾದರೂ ಮನೆಯಲ್ಲಿ ಉಳಿದರೆ ಒಳ್ಳೆಯದು. ಉಳಿಸಿದ ಏಳು ಸಾವಿರದಲ್ಲಿ ಸಾವಿರ ಖರ್ಚಾದರೂ ಚಿಂತೆ ಇಲ್ಲ.

ಬಾರಕೂರು ಹುಡುಗಿ · ಭಾನುವಾರ, ಸಂಜೆ 6:30

ರಾಜಾಂಗಣದ ಪಾರ್ಕಿಂಗಿಗೆ ತಮ್ಮ ಹೋಗಿ ಬಂದ. ಒಬ್ಬ ಡ್ರೈವರಣ್ಣ 6,000ಕ್ಕೆ ಒಪ್ಪಿದರು, ಆದರೆ ಇವತ್ತು ರಾತ್ರಿಯೇ ಹೊರಡಬೇಕು ಅಂದರು. ನಿದ್ದೆ ಆಗಿದೆಯಾ ಅಂತ ಕೇಳಿದಾಗ ನಿಜ ಹೇಳಿದರು, ಇಲ್ಲ ಅಂತ. ಅಮ್ಮ ಬೇಡ ಅಂದರು. ನಾಳೆ ಬೆಳಿಗ್ಗೆ ಕೆಂಪು ಬಸ್ಸಿನಲ್ಲೇ ಹೋಗುತ್ತೇವೆ. ಅಪ್ಪ ಈಗ ಸೂಟ್‌ಕೇಸಿನ ಗಾಲಿಗೆ ತೆಂಗಿನ ಎಣ್ಣೆ ಹಾಕುತ್ತಿದ್ದಾರೆ.

ಹಾಸನದ ಸೊಸೆ · ಸಂಜೆ 6:44

ಬುತ್ತಿ ಕಟ್ಟಿಕೊಳ್ಳಿ. ಪಾಸ್‌ಪೋರ್ಟ್ ಇರುವ ಬ್ಯಾಗು ಮಾತ್ರ ಡಿಕ್ಕಿಗೆ ಹಾಕಬೇಡಿ, ತೊಡೆಯ ಮೇಲೆ ಇರಲಿ.

ಬಾರಕೂರು ಹುಡುಗಿ · ಮಂಗಳವಾರ, ಮಧ್ಯಾಹ್ನ 1:15

ತಲುಪಿದ. ಈಗ ಮೆಸೇಜ್ ಬಂತು. ಅಮ್ಮ ಗಂಜಿ ಬಸಿಯುತ್ತಿದ್ದರು, ಸೌಟು ಕೈಯಲ್ಲಿ ಹಿಡಿದೇ ಓಡಿ ಬಂದರು.

ಹೇಗಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು. ಬೆಳಿಗ್ಗೆ 5:10ಕ್ಕೆ ಬ್ರಹ್ಮಾವರ ಬಿಟ್ಟೆವು. ಬಿಜೈಯಲ್ಲಿ ಕೇಳಿದಾಗ ಶಿರಾಡಿ ತೆರೆದಿದೆ ಅಂದರು. ಹಾಸನದ ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಕಂಡಕ್ಟರಣ್ಣ ಅಮ್ಮನ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಅಮ್ಮ ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಗುಂಡ್ಯ ದಾಟಿದ ಮೇಲೆ ಮಳೆ ಎಷ್ಟು ಜೋರು ಅಂದರೆ, ಕಿಟಕಿಯ ಶಟರ್ ಎಳೆದರೂ ಸಂದಿಯಿಂದ ನೀರು ಬಂದು ತಮ್ಮನ ಫೈಲಿನ ಮೇಲೆ ಬೀಳುತ್ತಿತ್ತು. ಅವನು ಅದನ್ನು ಅಂಗಿಯ ಒಳಗೆ ಹಾಕಿ ಸಕಲೇಶಪುರದವರೆಗೆ ಹಾಗೇ ಕೂತ. ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತು ನಲವತ್ತು ನಿಮಿಷ ಹೋಯಿತು.

ಹಾಸನದಲ್ಲಿ ಹತ್ತು ನಿಮಿಷವೂ ಕಾಯಲಿಲ್ಲ. ಗೊರಗುಂಟೆಪಾಳ್ಯದಲ್ಲಿ ಇಳಿದಾಗ ಸಂಜೆ 6:20. ಆಟೋದವರು ಹೆಬ್ಬಾಳಕ್ಕೆ 350 ಕೇಳಿದರು, 280ಕ್ಕೆ ಬಂದರು. ಎಸ್ಟೀಮ್ ಮಾಲ್ ಹತ್ತಿರ ಎರಡು ಬಸ್ ತುಂಬಿ ಹೋದವು, ಮೂರನೆಯದರಲ್ಲಿ ಜಾಗ ಸಿಕ್ಕಿತು. ಎಂಟೂಮುಕ್ಕಾಲಕ್ಕೆ ಟರ್ಮಿನಲ್ 2ರ ಮುಂದೆ ಇದ್ದೆವು. ಒಳಗೆ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಹೊರಗೆ ಕೂತು ಬೆಳಿಗ್ಗೆ ಕಟ್ಟಿದ್ದ ಕೊಟ್ಟೆ ಕಡುಬು ತಿಂದೆವು. ಆಮೇಲೆ ಅವನು ಒಳಗೆ ಹೋದ.

ಮನೆಯಿಂದ ಏರ್‌ಪೋರ್ಟಿನವರೆಗೆ ಮೂವರಿಗೂ ಸೇರಿ 2,000 ದಾಟಲಿಲ್ಲ. ಉಳಿದದ್ದನ್ನು ಅಮ್ಮ ಅವನ ಜೇಬಿಗೆ ತುರುಕಿದರು. ರೂಪಾಯಿ ಅಲ್ಲಿ ನಡೆಯುವುದಿಲ್ಲ ಅಂತ ಅವನು ಎಷ್ಟು ಹೇಳಿದರೂ ಕೇಳಲಿಲ್ಲ.

ಯಲಹಂಕದಲ್ಲಿರುವ ಕುಂದಾಪ್ರದವ · ಮಧ್ಯಾಹ್ನ 1:40

ಖುಷಿಯಾಯಿತು. ರಾತ್ರಿ ನೀವಿಬ್ಬರು ವಾಪಸ್ ಹೇಗೆ ಬಂದಿರಿ? ಇಲ್ಲೇ ನಮ್ಮ ಮನೆ ಇತ್ತು, ಹೇಳಬಾರದಿತ್ತಾ?

ಬಾರಕೂರು ಹುಡುಗಿ · ಮಧ್ಯಾಹ್ನ 2:05

ಅಣ್ಣ, ನೀವು ಅಷ್ಟು ಹೇಳಿದ್ದೇ ಸಾಕು. ಕೆಐಎ 9ರಲ್ಲಿ ಮೆಜೆಸ್ಟಿಕ್‌ಗೆ ಬಂದೆವು. ಅಲ್ಲಿಂದ ಧರ್ಮಸ್ಥಳದ ಕೆಂಪು ಬಸ್. ಬೆಳಿಗ್ಗೆ ಮಂಜುನಾಥನಿಗೆ ಕೈ ಮುಗಿದು, ಬೆಳ್ತಂಗಡಿ, ಕಾರ್ಕಳ ಮೇಲೆ ಉಡುಪಿ. ಮಾವನ ಜ್ವರ ಇಳಿದಿದೆ. ಸಂಜೆ ಅವರನ್ನು ನೋಡಲು ಹೋಗಬೇಕು, ನನ್ನಿಂದಾಗಿ ಹುಡುಗನಿಗೆ ಕಷ್ಟವಾಯಿತು ಅಂತ ನಿನ್ನೆಯಿಂದ ಊಟ ಬಿಟ್ಟಿದ್ದಾರಂತೆ.